ಅಡ್ಡಗೋಡೆ ಕೆಡವಲು ಹೊರಟವರಿಗೆ: ಕನ್ನಡ ಸಭೆಯಲ್ಲಿ ಬೆಲ್ಹಾರ್ ಅರಿಕೆಯನ್ನು ಓದುವ ಬಗೆ

1857ರಲ್ಲಿ ದಕ್ಷಿಣ ಆಫ್ರಿಕಾದ ಕೇಪ್ ಪ್ರಾಂತ್ಯದ ಡಚ್ ರಿಫಾರ್ಮ್ಡ್ ಎಂಬ ಪ್ರೊಟೆಸ್ಟೆಂಟ್ ಕ್ರೈಸ್ತ ಸಭೆಯ ಸಿನೋಡ್, ಅಂದರೆ ಅದರ ಆಡಳಿತ ಮಹಾಸಭೆ, ಒಂದು ನಿರ್ಣಯವನ್ನು ಕೈಗೊಂಡಿತು. ಅನ್ಯಜನರೊಳಗಿಂದ ಬಂದ ವಿಶ್ವಾಸಿಗಳನ್ನು ಈಗಿರುವ ಸಭೆಗಳಲ್ಲಿಯೇ ಸೇರಿಸಿಕೊಳ್ಳುವುದು ಅಪೇಕ್ಷಣೀಯವೂ ವೇದಾನುಸಾರವೂ ಆಗಿದೆ ಎಂದು ಅದು ಮೊದಲು ಒಪ್ಪಿಕೊಂಡಿತು. ಅದರ ಬೆನ್ನಿಗೇ, 'ಕೆಲವರ ಬಲಹೀನತೆಯ ನಿಮಿತ್ತ' ಇದು ಸುವಾರ್ತೆಯ ಕೆಲಸಕ್ಕೆ ಅಡ್ಡಿಯಾಗುವ ಕಡೆಗಳಲ್ಲಿ ಅಂಥವರು ಪ್ರತ್ಯೇಕ ಕಟ್ಟಡದಲ್ಲಿ ಆರಾಧಿಸಬಹುದು ಎಂದು ಅನುಮತಿಯನ್ನೂ ಕೊಟ್ಟಿತು. ಬಲಹೀನರೆಂದರೆ ಇಲ್ಲಿ ಯಾರು ಎಂಬುದನ್ನು ಗಮನಿಸಬೇಕು. ಕಪ್ಪು ವರ್ಣದ ಸಹೋದರನ ಪಕ್ಕದಲ್ಲಿ ಕರ್ತನ ಭೋಜನದಲ್ಲಿ, ಅಂದರೆ ರೊಟ್ಟಿ ದ್ರಾಕ್ಷಾರಸಗಳ ಸಂಸ್ಕಾರದಲ್ಲಿ, ಪಾಲುಗೊಳ್ಳಲಾರದ ಬಿಳಿಯ ಸದಸ್ಯರೇ ಆ ಬಲಹೀನರು. ಅವರಿಗೆ ತೋರಿಸಿದ ಈ ಸಣ್ಣ ದಾಕ್ಷಿಣ್ಯವು ಮುಂದೆ ರೂಢಿಯಾಯಿತು, ರೂಢಿಯು ಬೇರೆ ಬೇರೆ ಸಭೆಗಳಾಗಿ ಒಡೆಯಿತು, ಕೊನೆಗೆ ಇದೇ ದೇವರ ಚಿತ್ತ ಎಂಬ ಬೋಧನೆಯೂ ಹುಟ್ಟಿಕೊಂಡಿತು.

ಅದೇ ಸಭೆಯ ಕುಟುಂಬದಲ್ಲಿ, ಒಡೆದುಹೋದ ಭಾಗದ ಜನರೇ 1982ರಲ್ಲಿ ಬರೆದು 1986ರಲ್ಲಿ ಅಂಗೀಕರಿಸಿದ ನಂಬಿಕೆಯ ಅರಿಕೆಗೆ ಬೆಲ್ಹಾರ್ ಅರಿಕೆ ಎಂದು ಹೆಸರು. ಬೆಲ್ಹಾರ್ ಎಂಬುದು ಕೇಪ್ ಟೌನಿನ ಒಂದು ಹೊರವಲಯ; ಸಿನೋಡ್ ಸೇರಿದ್ದು ಅಲ್ಲಿ. ಒಂದು ಕನ್ನಡ ಸಭೆಯ ಹದಿನೈದಿಪ್ಪತ್ತು ಮಂದಿ ಈ ಅರಿಕೆಯನ್ನು ಒಟ್ಟಾಗಿ ಓದಿ, ಅದರ ಬೆಳಕಿನಲ್ಲಿ ತಮ್ಮ ಸಭೆಯನ್ನು ನೋಡಿಕೊಂಡು, ನೋಡಿದ್ದರ ವಿಷಯದಲ್ಲಿ ಏನಾದರೂ ಮಾಡುವುದಕ್ಕೆ ಬೇಕಾದ ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ. ನಾನು ಸಭಾಪಾಲಕನಲ್ಲ. ಭಾನುವಾರದ ಶಾಲೆಯಲ್ಲಿಯೂ ಮನೆಕೂಟಗಳಲ್ಲಿಯೂ ಬಹುಕಾಲ ಕಲಿಸಿದವನು. ಈ ಓದನ್ನು ಕೂಟಗಳಲ್ಲಿ ನಡೆಸಿ, ತಪ್ಪಿ, ತಿದ್ದಿಕೊಂಡು ಈ ಕ್ರಮಕ್ಕೆ ಬಂದಿದ್ದೇನೆ.

ಜಾತಿಯ ಗಾಯಕ್ಕೆ ವರ್ಣದ ಗಾಯದ ಔಷಧಿ ಏಕೆ ಎಂದು ಕೆಲವರು ಕೇಳುತ್ತಾರೆ. ಎರಡೂ ಒಂದೇ ಅಲ್ಲ ಎಂಬುದು ನಿಜ. ಆದರೆ ನೇರವಾಗಿ ಜಾತಿಯ ವಿಷಯ ಎತ್ತಿದರೆ ಮೊದಲ ಐದು ನಿಮಿಷದಲ್ಲೇ 'ನಮ್ಮಲ್ಲಿ ಅಂಥದ್ದೇನಿಲ್ಲ ಮೇಷ್ಟ್ರೇ' ಎಂಬ ಮಾತು ಬಂದು ಬಾಗಿಲು ಮುಚ್ಚಿಕೊಳ್ಳುತ್ತದೆ. ದೂರದ ದೇಶದ ಕಥೆಯನ್ನು ಕೇಳುವಾಗ ಎಲ್ಲರೂ ನ್ಯಾಯವಂತರಾಗಿರುತ್ತಾರೆ. ಪ್ರವಾದಿಯಾದ ನಾತಾನನು ತಪ್ಪು ಮಾಡಿದ್ದ ಅರಸ ದಾವೀದನಿಗೆ ಬಡವನ ಕುರಿಮರಿಯ ಕಥೆಯನ್ನು ಮೊದಲು ಹೇಳಿದ್ದು ಇದೇ ಕಾರಣಕ್ಕೆ. ಇನ್ನೊಂದು ಕಾರಣವೂ ಇದೆ. ಸಭೆಯ ಸದಸ್ಯತ್ವವನ್ನು ವಂಶವಾಗಲಿ ಬೇರಾವ ಸಾಮಾಜಿಕ ಸಂಗತಿಯಾಗಲಿ ನಿರ್ಧರಿಸಬೇಕೆಂದು ಬಾಯಿಬಿಟ್ಟು ಹೇಳುವ ಅಥವಾ ಹೇಳದೆಯೇ ಪಾಲಿಸುವ ಯಾವ ಬೋಧನೆಯನ್ನೂ ಬೆಲ್ಹಾರ್ ಅರಿಕೆ ನಿರಾಕರಿಸುತ್ತದೆ. ವಂಶ ಎಂಬ ಪದವೂ, ಹೇಳದೆಯೇ ಎಂಬ ಪದವೂ ನಮ್ಮ ಮನೆಬಾಗಿಲಿಗೆ ತಾವಾಗಿಯೇ ನಡೆದು ಬರುತ್ತವೆ.

ತೊಡಗುವ ಮೊದಲು

ಏಳು ಕೂಟಗಳು ಬೇಕು, ಒಂದೊಂದಕ್ಕೆ ಎರಡು ಗಂಟೆ. ಭಾನುವಾರದ ಆರಾಧನೆ ಮುಗಿದ ಕೂಡಲೇ ಇಟ್ಟುಕೊಳ್ಳಬೇಡಿ. ಆಗ ಎಲ್ಲರ ಮನಸ್ಸೂ ಮನೆಯ ಒಲೆಯ ಮೇಲಿರುತ್ತದೆ. ವಾರದ ನಡುವಿನ ಒಂದು ಸಂಜೆ, ಸದಸ್ಯರ ಮನೆಗಳಲ್ಲಿ ಸರದಿಯ ಮೇಲೆ ಸೇರುವುದು ಉತ್ತಮ. ಸರದಿಯಲ್ಲಿ ಎಲ್ಲ ಬೀದಿಗಳ ಮನೆಗಳೂ ಬರಲೇಬೇಕು, ಪ್ರತಿಯೊಂದು ಮನೆಯಲ್ಲೂ ಕಾಫಿಯೋ ಅವಲಕ್ಕಿಯೋ ಆ ಮನೆಯವರು ಮಾಡಿದ್ದನ್ನೇ ತಿನ್ನಬೇಕು. ಯಾರ ಮನೆಯಲ್ಲಿ ಯಾರ ಲೋಟ ತುಂಬಿದ್ದು ತುಂಬಿದಂತೆಯೇ ಉಳಿಯಿತು ಎಂಬುದನ್ನು ಮೂರನೆಯ ವಾರದ ಹೊತ್ತಿಗೆ ಯಾರೂ ಯಾರಿಗೂ ಹೇಳಬೇಕಾಗಿರುವುದಿಲ್ಲ. ಹೋಟೆಲಿನಿಂದ ಪ್ಯಾಕೆಟ್ ತರಿಸಿ ಹಂಚುವ ಸಲಹೆ ಬಂದರೆ ನಯವಾಗಿ ಬೇಡವೆನ್ನಿ.

ಕೂಟವನ್ನು ಇಬ್ಬರು ಸೇರಿ ನಡೆಸಬೇಕು. ಸಭೆಯಲ್ಲಿ ಮಾತು ನಡೆಯುವ ಕುಟುಂಬಗಳಿಂದ ಒಬ್ಬರು, ಇಷ್ಟು ವರ್ಷ ಮಾತು ಕೇಳಿಸಿಕೊಂಡೇ ಬಂದ ಕುಟುಂಬಗಳಿಂದ ಒಬ್ಬರು. ಇಬ್ಬರಲ್ಲಿ ಒಬ್ಬರಾದರೂ ಸ್ತ್ರೀಯಾಗಿರುವುದು ಒಳ್ಳೆಯದು, ಏಕೆಂದರೆ ಅಡಿಗೆಮನೆಯ, ಮದುವೆಮನೆಯ ಸಂಗತಿಗಳನ್ನು ಗಂಡಸರು ಕಂಡೂ ಕಾಣದವರು. ಸಭಾಪಾಲಕರು ಕೂಟದಲ್ಲಿ ಇರಲಿ, ಆದರೆ ಮುನ್ನಡೆಸುವುದು ಬೇಡ. ಅಯ್ಯನವರು ಕುರ್ಚಿಯಲ್ಲಿ ಕುಳಿತರೆ ಜನರು ಅವರಿಗೆ ಹಿತವಾಗುವುದನ್ನೇ ಹೇಳುತ್ತಾರೆ.

ಒಂದು ಎಚ್ಚರಿಕೆಯನ್ನು ಕಟ್ಟುನಿಟ್ಟಾಗಿ ಪಾಲಿಸಬೇಕು. ಕೂಟದಲ್ಲಿ ಯಾರ ಜಾತಿಯನ್ನೂ ಕೇಳಬಾರದು, ಯಾರೂ ತಾವಾಗಿ ಹೇಳಿದ್ದನ್ನು ಕಾಗದದ ಮೇಲೆ ಬರೆಯಬಾರದು. 1950ರ ರಾಷ್ಟ್ರಪತಿಗಳ ಆದೇಶವು ಪರಿಶಿಷ್ಟ ಜಾತಿಯ ಮಾನ್ಯತೆಯನ್ನು ಹಿಂದೂಗಳಿಗೆ ಸೀಮಿತಗೊಳಿಸಿತು. 1956ರಲ್ಲಿ ಸಿಖ್ಖರನ್ನೂ 1990ರಲ್ಲಿ ಬೌದ್ಧರನ್ನೂ ಸೇರಿಸಲಾಯಿತು, ಕ್ರೈಸ್ತರನ್ನು ಸೇರಿಸಲಿಲ್ಲ. ಹೀಗಾಗಿ ಎಷ್ಟೋ ಕುಟುಂಬಗಳ ಪಾಲಿಗೆ ಜಾತಿಯ ಹೆಸರು ಮತ್ತು ಸಭೆಯ ಹೆಸರು ಒಂದೇ ಹಾಳೆಯ ಮೇಲೆ ಬರುವುದು ಮಕ್ಕಳ ಓದಿನ, ಕೆಲಸದ ಪ್ರಶ್ನೆ. ಸಭೆಯ ಗಾಯವನ್ನು ತೊಳೆಯಲು ಹೋಗಿ ಬಡವರ ಅನ್ನಕ್ಕೆ ಕಲ್ಲು ಹಾಕಬಾರದು.

ಸಮಾಧಾನ ಎಂಬ ಪದವನ್ನು ಕುರಿತು ಮೊದಲ ಕೂಟದಲ್ಲೇ ಮಾತಾಡಿಬಿಡಬೇಕು. ಕೊರಿಂಥದವರಿಗೆ ಬರೆದ ಎರಡನೆಯ ಪತ್ರಿಕೆಯ ಐದನೆಯ ಅಧ್ಯಾಯದಲ್ಲಿ ದೇವರು ಲೋಕವನ್ನು ಕ್ರಿಸ್ತನಲ್ಲಿ ತನಗೆ ಸಮಾಧಾನಪಡಿಸಿಕೊಂಡನೆಂದು ನಮ್ಮ ಸತ್ಯವೇದ ಹೇಳುತ್ತದೆ. ಮೂಲದ ಗ್ರೀಕ್ ಪದದಲ್ಲಿ ವಿನಿಮಯದ ಅರ್ಥವಿದೆ, ಹಗೆತನವನ್ನು ಕೊಟ್ಟು ಸ್ನೇಹವನ್ನು ಪಡೆದಂತೆ. ಆದರೆ ದಿನಬಳಕೆಯ ಕನ್ನಡದಲ್ಲಿ 'ಸಮಾಧಾನ ಮಾಡಿಕೊಳ್ಳಿ' ಎಂದು ನಾವು ಯಾರಿಗೆ ಹೇಳುತ್ತೇವೆ? ಹೊಡೆದವನಿಗಲ್ಲ, ಹೊಡೆಸಿಕೊಂಡು ಅಳುತ್ತಿರುವವನಿಗೆ. ಇಷ್ಟು ವರ್ಷ ಸಭೆಯಲ್ಲಿ ಸಮಾಧಾನದ ಪ್ರಸಂಗ ಕೇಳಿದಾಗಲೆಲ್ಲ ನೊಂದವರ ಕಿವಿಗೆ ಬಿದ್ದದ್ದು ಈ ಎರಡನೆಯ ಅರ್ಥವೇ: ಸುಮ್ಮನಿರಿ, ಸಹಿಸಿಕೊಳ್ಳಿ, ಸ್ವರ್ಗದಲ್ಲಿ ಎಲ್ಲ ಸರಿಹೋಗುತ್ತದೆ. ಆದ್ದರಿಂದ ಮತ್ತಾಯ ಐದನೆಯ ಅಧ್ಯಾಯದ 23 ಮತ್ತು 24ನೆಯ ವಚನಗಳನ್ನು ಅದೇ ಸಂಜೆ ಓದಿಸಿ. ಕಾಣಿಕೆಯನ್ನು ಯಜ್ಞವೇದಿಯ ಬಳಿಯಲ್ಲೇ ಬಿಟ್ಟು ಎದ್ದು ಹೋಗಬೇಕಾದವನು ಯಾರು? ಸಹೋದರನ ಮನಸ್ಸಿನಲ್ಲಿ ಯಾರ ಮೇಲೆ ದೂರಿದೆಯೋ ಅವನು. ಮೊದಲ ಹೆಜ್ಜೆ ಯಾರದೆಂದು ಕರ್ತನೇ ಗೊತ್ತುಮಾಡಿದ್ದಾನೆ. ಈ ಒಂದು ಮಾತು ಸ್ಪಷ್ಟವಾಗದೆ ಮುಂದಿನ ಕೂಟಕ್ಕೆ ಹೋಗುವುದರಿಂದ ಪ್ರಯೋಜನವಿಲ್ಲ. ಬೇಕಾದರೆ ಇನ್ನೊಂದು ವಾರ ಇದರಲ್ಲೇ ಕಳೆಯಿರಿ.

ಕಥೆಯನ್ನು ಹೇಳುವುದು

ಎರಡನೆಯ ಕೂಟದಲ್ಲಿ ದಕ್ಷಿಣ ಆಫ್ರಿಕಾದ ಕಥೆಯನ್ನು ಹೇಳಬೇಕು. ತಾರೀಕುಗಳ ಪಟ್ಟಿ ಬೇಡ, ಇಳಿಜಾರು ಕಾಣಿಸಿದರೆ ಸಾಕು. 1829ರಲ್ಲಿ ಅದೇ ಕೇಪ್ ಸಿನೋಡ್ ಕರ್ತನ ಭೋಜನವನ್ನು ವರ್ಣಭೇದವಿಲ್ಲದೆ ಎಲ್ಲರಿಗೂ ಒಟ್ಟಿಗೆ ಕೊಡತಕ್ಕದ್ದೆಂದು ಹೇಳಿತ್ತು. ಇಪ್ಪತ್ತೆಂಟು ವರ್ಷಗಳ ನಂತರ ಬಲಹೀನತೆಯ ನಿರ್ಣಯ ಬಂತು. 1881ರಲ್ಲಿ 'ಕಲರ್ಡ್' ಎಂದು ಕರೆಯಲ್ಪಟ್ಟ ಮಿಶ್ರವಂಶದ ಜನರಿಗಾಗಿ ಡಚ್ ರಿಫಾರ್ಮ್ಡ್ ಮಿಷನ್ ಸಭೆ ಬೇರೆಯಾಯಿತು. ಆಫ್ರಿಕನ್ನರಿಗೆ ಇನ್ನೊಂದು ಬಂತು. 1968ರಲ್ಲಿ ಅಲ್ಲಿನ ಭಾರತೀಯ ಮೂಲದ ವಿಶ್ವಾಸಿಗಳಿಗೆಂದೇ ನಾಲ್ಕನೆಯ ಸಭೆಯೊಂದನ್ನು ಕಟ್ಟಿದರು. ಈ ಕೊನೆಯ ಸಂಗತಿಯನ್ನು ಹೇಳುವಾಗ ಕೂಟದಲ್ಲಿ ಒಂದು ಸಣ್ಣ ಕದಲಿಕೆ ಉಂಟಾಗುವುದನ್ನು ನಾನು ಕಂಡಿದ್ದೇನೆ. ನಮ್ಮವರನ್ನೂ ಅಲ್ಲಿ ಹೊರಗಿಟ್ಟರೇ ಎಂದು ಒಬ್ಬರಾದರೂ ಕೇಳುತ್ತಾರೆ. ಕೇಳಲಿ. ಉತ್ತರ ಕೊಡಲು ಅವಸರ ಬೇಡ.

1948ರಲ್ಲಿ ನ್ಯಾಷನಲ್ ಪಾರ್ಟಿ ಅಧಿಕಾರಕ್ಕೆ ಬಂದು ವರ್ಣಭೇದವನ್ನು ರಾಜ್ಯನೀತಿಯನ್ನಾಗಿ ಮಾಡಿದಾಗ, ಸಭೆಯು ಆ ಹಾದಿಯನ್ನು ಅಷ್ಟರಲ್ಲೇ ಸವೆಸಿ ಇಟ್ಟಿತ್ತು. 1949ರಲ್ಲಿ ವರ್ಣಗಳ ನಡುವಿನ ಮದುವೆಯನ್ನು ನಿಷೇಧಿಸುವ ಕಾನೂನು, 1950ರಲ್ಲಿ ಯಾರು ಎಲ್ಲಿ ವಾಸಿಸಬೇಕೆಂದು ವಿಂಗಡಿಸುವ ಕಾನೂನು ಬಂದವು. 1960ರ ಮಾರ್ಚ್ 21ರಂದು ಶಾರ್ಪ್‌ವಿಲ್‌ನಲ್ಲಿ ಪೊಲೀಸರ ಗುಂಡಿಗೆ 69 ಜನರು ಬಲಿಯಾದರು. ಬಿಳಿಯರ ಸಭೆಯೊಳಗಿನಿಂದಲೇ ಎದ್ದುನಿಂತವರೂ ಇದ್ದರು. ಬೇಯರ್ಸ್ ನೌಡೆ ಎಂಬ ಗೌರವಾನ್ವಿತ ಸಭಾಪಾಲಕರು 1963ರಲ್ಲಿ ತಮ್ಮ ಪೀಠವನ್ನು ಬಿಟ್ಟು ಹೊರಬಂದರು, 1977ರಲ್ಲಿ ಸರಕಾರ ಅವರ ಮಾತಿಗೂ ಓಡಾಟಕ್ಕೂ ನಿರ್ಬಂಧ ಹೇರಿತು. 1982ರಲ್ಲಿ ಒಟ್ಟಾವಾದಲ್ಲಿ ಸೇರಿದ ಜಾಗತಿಕ ರಿಫಾರ್ಮ್ಡ್ ಸಭೆಗಳ ಒಕ್ಕೂಟವು ವರ್ಣಭೇದವನ್ನು ದೇವಶಾಸ್ತ್ರದ ಮೂಲಕ ಸಮರ್ಥಿಸುವುದು ಪಾಷಂಡ ಬೋಧನೆ ಎಂದು ಘೋಷಿಸಿ, ಮಿಷನ್ ಸಭೆಯ ಆಲನ್ ಬೂಸಾಕ್ ಅವರನ್ನು ತನ್ನ ಅಧ್ಯಕ್ಷರನ್ನಾಗಿ ಆರಿಸಿತು. ಅದೇ ವರ್ಷ ಬೆಲ್ಹಾರ್‌ನಲ್ಲಿ ಅರಿಕೆಯ ಕರಡು ಸಿದ್ಧವಾಯಿತು. ದಕ್ಷಿಣ ಇಂಡಿಯಾ ಸಭೆಯೂ (ಸಿ.ಎಸ್.ಐ.) ಆ ಒಕ್ಕೂಟದ ಬಳಗಕ್ಕೆ ಸೇರಿದ್ದು ಎಂಬುದನ್ನು ಕೂಟಕ್ಕೆ ನೆನಪಿಸಿ. ಇದು ಬೇರೆಯವರ ಮನೆಯ ಜಗಳವಲ್ಲ.

ಕಥೆ ಮುಗಿದ ಮೇಲೆ ಗಲಾತ್ಯ ಎರಡನೆಯ ಅಧ್ಯಾಯವನ್ನು ಓದಿಸಿ. ಅಂತಿಯೋಕ್ಯದಲ್ಲಿ ಪೇತ್ರನು ಅನ್ಯಜನರ ಸಂಗಡ ಊಟಮಾಡುತ್ತಿದ್ದವನು ಯೆಹೂದ್ಯ ವಿಶ್ವಾಸಿಗಳಲ್ಲಿ ಕೆಲವರು ಬಂದ ಕೂಡಲೇ ಹಿಂದೆಗೆದು ಬೇರೆಯಾದನು. ಪೌಲನು ಇದನ್ನು ನಡತೆಯ ಕೊರತೆ ಎನ್ನಲಿಲ್ಲ, ಸುವಾರ್ತೆಯ ಸತ್ಯಕ್ಕೆ ಸರಿಯಾಗಿ ನಡೆಯದಿರುವುದು ಎಂದನು. ಬೆಲ್ಹಾರ್ ಅರಿಕೆಯನ್ನು ಬರೆದವರು ಹಿಡಿದದ್ದೂ ಇದೇ ದಾರಿಯನ್ನು. ಪ್ರತ್ಯೇಕ ಪಂಕ್ತಿ ಎಂಬುದು ಶಿಷ್ಟಾಚಾರದ ತಪ್ಪಲ್ಲ. ಕ್ರಿಸ್ತನ ಕುರಿತು ನಾವು ಏನು ನಂಬುತ್ತೇವೆ ಎಂಬುದರ ತಪ್ಪು.

ನಮ್ಮ 1857 ಯಾವುದು

ಈ ಓದಿನ ಹೃದಯ ಮೂರನೆಯ ಮತ್ತು ನಾಲ್ಕನೆಯ ಕೂಟಗಳಲ್ಲಿದೆ. ನಮ್ಮ ಸಭೆಯಲ್ಲಿ ಯಾರ ಬಲಹೀನತೆಗೆ ಯಾವಾಗ ದಾಕ್ಷಿಣ್ಯ ತೋರಿಸಿದೆವು, ಆ ದಾಕ್ಷಿಣ್ಯ ಈಗ ಯಾವ ರೂಪದಲ್ಲಿ ಉಳಿದಿದೆ ಎಂದು ಹುಡುಕುವ ಕೆಲಸ ಅದು. ಅಭಿಪ್ರಾಯಗಳನ್ನು ಕೇಳಬೇಡಿ, ಸಂಗತಿಗಳನ್ನು ನೋಡಲು ಕಳುಹಿಸಿ. ಇಬ್ಬಿಬ್ಬರ ಜೋಡಿ ಮಾಡಿ ಒಂದೊಂದು ಕೆಲಸ ಒಪ್ಪಿಸಿ.

ಒಂದು ಜೋಡಿ ಸಮಾಧಿ ಸ್ಥಳಕ್ಕೆ ಹೋಗಿ ನಿಂತು ನೋಡಲಿ: ಬಾಗಿಲಿನ ಹತ್ತಿರ ಯಾರ ಗೋರಿಗಳಿವೆ, ಮಳೆನೀರು ನಿಲ್ಲುವ ತಗ್ಗಿನಲ್ಲಿ ಯಾರವಿವೆ, ನಡುವೆ ಬೇಲಿಯೋ ದಾರಿಯೋ ಇದೆಯೇ. ಇನ್ನೊಂದು ಜೋಡಿ ಸಭಾಪಾಲಕರ ಅನುಮತಿಯಿಂದ ಪಾಸ್ಟರೇಟ್ ಕಮಿಟಿಯ, ಅಂದರೆ ಸಭೆಯ ಆಡಳಿತ ಸಮಿತಿಯ, ಹಳೆಯ ನಡಾವಳಿ ಪುಸ್ತಕಗಳನ್ನು ತೆರೆದು, ಇಪ್ಪತ್ತು ವರ್ಷಗಳಲ್ಲಿ ಖಜಾಂಚಿಯೂ ಕಾರ್ಯದರ್ಶಿಯೂ ಯಾವ ಕೆಲವೇ ಮನೆಗಳಿಂದ ಬಂದಿದ್ದಾರೆ ಎಂದು ಎಣಿಸಲಿ. ಸುಗ್ಗಿ ಹಬ್ಬದಲ್ಲಿ ಯಾರು ಬಡಿಸುತ್ತಾರೆ, ಯಾರು ಪಾತ್ರೆ ತೊಳೆಯುತ್ತಾರೆ ಎಂಬುದನ್ನು ಸ್ತ್ರೀಯರ ಕೂಟದವರು ಎಲ್ಲರಿಗಿಂತ ಚೆನ್ನಾಗಿ ಹೇಳಬಲ್ಲರು. ಸಭೆಯೊಳಗೇ ನಡೆದ ಮದುವೆಗಳ ಪ್ರಕಟಣೆಗಳನ್ನು ನೋಡಿದರೆ ಅರ್ಧ ಕಥೆ ಅಲ್ಲೇ ಸಿಗುತ್ತದೆ. ಒಂದೇ ಪಾತ್ರೆಯಿಂದ ದ್ರಾಕ್ಷಾರಸ ಕುಡಿಯುವವರು ಬೀಗರಾಗಲು ಏಕೆ ಒಪ್ಪುವುದಿಲ್ಲ ಎಂಬ ಪ್ರಶ್ನೆಯನ್ನು ಕೂಟದ ನಡುವೆ ಇಡಿ. ಇದರಲ್ಲಿ ಪ್ರೊಟೆಸ್ಟೆಂಟರೆಂದೂ ಕಥೋಲಿಕರೆಂದೂ ವ್ಯತ್ಯಾಸವಿಲ್ಲ. ಕರಾವಳಿಯ ಕೊಂಕಣಿ ಕಥೋಲಿಕರಲ್ಲಿ ಬಾಮೊಣ್, ಚಾರೊಡಿ, ಸುದಿರ್ ಎಂಬ ಹಳೆಯ ಜಾತಿಯ ಹೆಸರುಗಳು ಮದುವೆಯ ಮಾತು ಬಂದಾಗ ಇನ್ನೂ ಸುಳಿಯುತ್ತವೆ. ಭಾರತದ ಕಥೋಲಿಕ ಬಿಷಪರ ಸಮ್ಮೇಳನವು ಸಭೆಯೊಳಗೆ ಜಾತಿ ತಾರತಮ್ಯ ಇದೆ ಎಂಬುದನ್ನು 2016ರ ತನ್ನ ದಲಿತ ಸಬಲೀಕರಣ ನೀತಿಯಲ್ಲಿ ತಾನೇ ಒಪ್ಪಿಕೊಂಡಿದೆ.

ನನ್ನ ಪಾಲಿನ 1857 ಒಂದು ಲೋಟದಲ್ಲಿದೆ. ನಾನು ಹುಡುಗನಾಗಿದ್ದಾಗ ನಮ್ಮ ಊರ ಸಭೆಯಲ್ಲಿ ಕರ್ತನ ಭೋಜನಕ್ಕೆ ಒಂದೇ ಪಾತ್ರೆ. ಮುಂದಿನ ಬೆಂಚಿನ ಮನೆಗಳವರು ಮೊದಲ ಸಾಲಿನಲ್ಲಿ ಮೊಣಕಾಲೂರುತ್ತಿದ್ದರು, ನನ್ನ ಅಜ್ಜಿ ಕೊನೆಯ ಸಾಲಿನಲ್ಲಿ. ಹಾಗೆ ಮಾಡಬೇಕೆಂದು ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ. ಅಜ್ಜಿ ಎಲ್ಲರಿಗಿಂತ ಬೇಗ ಬಂದು, ಎಲ್ಲರೂ ಎದ್ದು ಹೋಗುವ ತನಕ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಕಾಯುತ್ತಿದ್ದರು. ಆಮೇಲೆ ಆರೋಗ್ಯದ ಕಾರಣ ಹೇಳಿ ಬೆರಳುದ್ದದ ಗಾಜಿನ ಲೋಟಗಳನ್ನು ತರಿಸಿದರು. ಆ ಭಾನುವಾರ ಮನೆಗೆ ನಡೆದುಬರುತ್ತಾ ಅಜ್ಜಿ, 'ಇನ್ನು ಯಾರ ಎಂಜಲೂ ಯಾರಿಗೂ ಇಲ್ಲ ಬಿಡು ಮಗಾ, ಅವರಿಗೂ ನೆಮ್ಮದಿ' ಎಂದರು. ಲೋಟಗಳು ಬಂದವು, ಸಾಲು ಮಾತ್ರ ಬದಲಾಗಲಿಲ್ಲ. ಪ್ರತಿಯೊಬ್ಬ ಮುಂದಾಳುವೂ ಇಂಥ ಒಂದು ಸಂಗತಿಯನ್ನು ತನ್ನ ಬಾಳಿನಿಂದ ಮೊದಲು ಹೇಳಬೇಕು, ಚಿಕ್ಕದಾಗಿ, ಯಾರ ಹೆಸರನ್ನೂ ಎತ್ತದೆ. ಆಗ ಇತರರಿಗೂ ಬಾಯಿ ಬರುತ್ತದೆ.

ಮಿಷನ್ ಕಾಲದಲ್ಲಿ ಇಂಥದ್ದಿರಲಿಲ್ಲ ಎಂದು ಹಿರಿಯರು ಹೇಳುವುದುಂಟು. ಗೌರವದಿಂದಲೇ ಚರಿತ್ರೆಯನ್ನು ಮುಂದಿಡಿ. ತಮಿಳುನಾಡಿನ ತರಂಗಂಬಾಡಿಯ ಹಳೆಯ ಲುಥೆರನ್ ಮಿಷನ್ನಿನಲ್ಲಿ ಬೇರೆ ಬೇರೆ ಆಸನಗಳಿಗೆ ಅವಕಾಶವಿತ್ತು. 1833ರಲ್ಲಿ ಕಲ್ಕತ್ತೆಯ ಬಿಷಪ್ ಡೇನಿಯಲ್ ವಿಲ್ಸನ್ ಅವರು ಸಭೆಯಲ್ಲಿ ಜಾತಿಯನ್ನು ಪೂರ್ತಿಯಾಗಿ, ಕೂಡಲೇ ಬಿಡಬೇಕೆಂದು ಪತ್ರ ಬರೆದಾಗ ತಂಜಾವೂರು ಮತ್ತು ಮದ್ರಾಸಿನ ಮೇಲ್ಜಾತಿಯ ಕ್ರೈಸ್ತರಲ್ಲಿ ಅನೇಕರು ಜಾತಿಯನ್ನು ಬಿಡುವ ಬದಲು ಸಭೆಯನ್ನೇ ಬಿಟ್ಟರು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಈ ವಿಷಯದಲ್ಲಿ ಗಟ್ಟಿಯಾಗಿಯೇ ನಿಂತಿತು. ಜಾತಿಯಿಂದ ಹೊರಬಿದ್ದು ಕಸುಬು ಕಳೆದುಕೊಂಡವರಿಗೆ ಅನ್ನ ಹುಟ್ಟಬೇಕೆಂದು ನೇಯ್ಗೆಯ ಶಾಲೆಗಳನ್ನೂ, 1865ರಲ್ಲಿ ಮಂಗಳೂರಿನ ಹೆಂಚಿನ ಕಾರ್ಖಾನೆಯನ್ನೂ ತೆರೆಯಿತು. ಒಂದೇ ಛಾವಣಿಯ ಕೆಳಗೆ ಒಂದೇ ಮಣ್ಣನ್ನು ತುಳಿದವರು ನಮ್ಮ ಹಿರಿಯರು. ಆ ಮಣ್ಣಿನ ನೆನಪು ನಮಗೆ ಬಲ ಕೊಡಬೇಕು, ಈಗಿನ ಸಂಗತಿಯನ್ನು ಮುಚ್ಚುವ ಚಾದರವಾಗಬಾರದು.

ಅರಿಕೆಯ ಓದು

ಐದನೆಯ ಕೂಟದಲ್ಲಿ ಅರಿಕೆಯನ್ನು ಪೂರ್ತಿಯಾಗಿ ಗಟ್ಟಿಯಾಗಿ ಓದಿ. ಅದು ಉದ್ದವಾದುದಲ್ಲ, ಐದೇ ವಿಭಾಗಗಳು. ಸಭೆಯಲ್ಲಿ ಭಾಷೆ ಬಲ್ಲ ಒಬ್ಬರು ಮೊದಲೇ ಕನ್ನಡಕ್ಕೆ ತಂದು, ಇನ್ನಿಬ್ಬರು ತಿದ್ದಿ, ದೊಡ್ಡ ಅಕ್ಷರದಲ್ಲಿ ಪ್ರತಿ ತೆಗೆಸಿಡಬೇಕು. ಒಳಗಿನ ಮೂರು ಮುಖ್ಯ ವಿಭಾಗಗಳು ಐಕ್ಯವನ್ನೂ ಸಮಾಧಾನವನ್ನೂ ನ್ಯಾಯವನ್ನೂ ಕುರಿತವು. ಪ್ರತಿಯೊಂದೂ ನಂಬುವುದನ್ನು ಮೊದಲು ಹೇಳಿ, ಆದಕಾರಣ ತಳ್ಳಿಹಾಕುವುದನ್ನು ಆಮೇಲೆ ಹೇಳುತ್ತದೆ.

ಐಕ್ಯದ ವಿಭಾಗದಲ್ಲಿ ನಿಧಾನಿಸಿ. ಸಭೆಯ ಐಕ್ಯವು ದೇವರ ವರವೂ ಹೌದು, ನಮ್ಮ ಮೇಲಿನ ಹೊಣೆಯೂ ಹೌದು, ಅದು ಕಣ್ಣಿಗೆ ಕಾಣಬೇಕು ಎಂದು ಅರಿಕೆ ಹೇಳುತ್ತದೆ. 'ಆತ್ಮಿಕವಾಗಿ ನಾವೆಲ್ಲ ಒಂದೇ' ಎಂಬ ಮಾತು ನಮ್ಮಲ್ಲಿ ಬಹಳ ಸಲೀಸಾಗಿ ಬರುವುದರಿಂದ, ಬೇರೆಬೇರೆಯಾಗಿದ್ದುಕೊಂಡೇ ಆತ್ಮಿಕ ಐಕ್ಯವನ್ನು ಕಾಪಾಡಿದ್ದೇವೆ ಎನ್ನುವ ಬೋಧನೆಯನ್ನು ಅರಿಕೆ ತಳ್ಳಿಹಾಕುವ ಸಾಲನ್ನು ಎರಡು ಸಲ ಓದಿಸಿ. ಐಕ್ಯವು ಬಲವಂತದಿಂದಲ್ಲ, ಸ್ವಾತಂತ್ರ್ಯದಲ್ಲಿ ಮಾತ್ರ ಸಾಧ್ಯ ಎಂಬುದನ್ನೂ, ಭಾಷೆ ಸಂಸ್ಕೃತಿಗಳ ವೈವಿಧ್ಯವು ಪರಸ್ಪರ ಸೇವೆಗೆ ಸಿಕ್ಕ ಅವಕಾಶ ಎಂಬುದನ್ನೂ ಬಿಡಬೇಡಿ. ಬೆಂಗಳೂರಿನಂಥ ಊರಿನಲ್ಲಿ ಒಂದೇ ಕಟ್ಟಡದಲ್ಲಿ ಕನ್ನಡ, ತಮಿಳು, ತೆಲುಗು ಆರಾಧನೆಗಳು ನಡೆಯುವುದು ತಪ್ಪಲ್ಲ. ಭಾಷೆಯ ಹೆಸರಿನಲ್ಲಿ ಇನ್ನೇನನ್ನೋ ಕಾಯ್ದುಕೊಳ್ಳುತ್ತಿದ್ದೇವೆಯೇ ಎಂದು ಕೇಳಿಕೊಳ್ಳುವುದಷ್ಟೇ ಬೇಕಾದದ್ದು.

ನ್ಯಾಯದ ವಿಭಾಗದಲ್ಲಿ ತಕರಾರು ಬರುವುದು ಖಂಡಿತ. ದೇವರು ವಿಶೇಷವಾಗಿ ದಿಕ್ಕಿಲ್ಲದವರ, ಬಡವರ, ಅನ್ಯಾಯಕ್ಕೊಳಗಾದವರ ದೇವರು, ಸಭೆಯು ದೇವರು ನಿಂತ ಕಡೆಯಲ್ಲೇ ನಿಲ್ಲಬೇಕು ಎಂದು ಅರಿಕೆ ಹೇಳಿದಾಗ, ದೇವರಲ್ಲಿ ಪಕ್ಷಪಾತವಿದೆಯೇ ಎಂದು ಯಾರಾದರೂ ಕೇಳುತ್ತಾರೆ. ಕೀರ್ತನೆ 146ನ್ನೂ, ಲೂಕನ ಮೊದಲನೆಯ ಅಧ್ಯಾಯದ ಮರಿಯಳ ಹಾಡನ್ನೂ ಓದಿಸಿ ಸುಮ್ಮನೆ ಕುಳಿತುಕೊಳ್ಳಿ. ವಾದ ಬೇಡ. ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ 1981ರಲ್ಲಿ ಅರವಿಂದ ನಿರ್ಮಲ್ ಅವರು ಮಾಡಿದ ಉಪನ್ಯಾಸದಿಂದ ದಲಿತ ದೇವಶಾಸ್ತ್ರದ ಧಾರೆ ಹರಿಯತೊಡಗಿತು. ಬೆಲ್ಹಾರ್‌ಗೆ ಒಂದು ವರ್ಷ ಮೊದಲು, ನಮ್ಮದೇ ಊರಿನಲ್ಲಿ, ನೊಂದವರು ದೇವರ ಕುರಿತು ತಾವೇ ಮಾತಾಡಬೇಕೆಂಬ ಅದೇ ಹಂಬಲ ಮೂಡಿತ್ತು ಎಂಬುದನ್ನು ಕೂಟಕ್ಕೆ ತಿಳಿಸಿದರೆ ಅರಿಕೆ ಪರದೇಶದ್ದೆಂಬ ಭಾವನೆ ಕಡಿಮೆಯಾಗುತ್ತದೆ.

ಅರಿಕೆಯ ಜೊತೆಗೆ ಕಳುಹಿಸಿದ ಪತ್ರವೊಂದಿದೆ, ಅದನ್ನೂ ಓದಿ. ಇದು ನಿರ್ದಿಷ್ಟ ವ್ಯಕ್ತಿಗಳ ವಿರುದ್ಧವಲ್ಲ, ಸುವಾರ್ತೆಯನ್ನೇ ಕೆಡಿಸುವ ಬೋಧನೆಯ ವಿರುದ್ಧ ಎಂದೂ, ನಾವೂ ತಪ್ಪಿನಲ್ಲಿ ಪಾಲುದಾರರೆಂದೂ ಅನ್ಯಾಯಕ್ಕೊಳಗಾದ ಆ ಜನರೇ ಬರೆದಿದ್ದಾರೆ. ಅವರ ದೀನತೆ ನನ್ನನ್ನು ಪ್ರತಿಸಲವೂ ತಲೆತಗ್ಗಿಸುವಂತೆ ಮಾಡುತ್ತದೆ.

ಕೇಳುವುದು, ಒಪ್ಪಿಕೊಳ್ಳುವುದು

ಆರನೆಯ ಕೂಟ ಕೇಳುವುದಕ್ಕೆ. ಮಾತಾಡಲು ಇಷ್ಟವಿರುವವರು ಮೊದಲೇ ತಿಳಿಸಿರಬೇಕು, ಯಾರನ್ನೂ ಎಬ್ಬಿಸಿ ನಿಲ್ಲಿಸಬಾರದು. ಒಬ್ಬರು ಹೇಳುತ್ತಿರುವಾಗ ನಡುವೆ ಬಾಯಿ ಹಾಕುವುದಾಗಲಿ, ಮುಗಿದ ಮೇಲೆ 'ಅವರ ಉದ್ದೇಶ ಹಾಗಿರಲಿಲ್ಲ' ಎಂದು ವಿವರಣೆ ಕೊಡುವುದಾಗಲಿ ಕೂಡದು. ಪ್ರತಿಯೊಂದು ಮಾತಿನ ನಂತರ ಎರಡು ನಿಮಿಷ ಮೌನ. ಕೂಡಲೇ ಹಾಡು ಎತ್ತಬೇಡಿ. ಹಾಡಿನಿಂದ ಮುಜುಗರವನ್ನು ಮುಚ್ಚುವ ಅಭ್ಯಾಸ ನಮಗೆ ಬಹಳ. ಬಹಿರಂಗವಾಗಿ ಕ್ಷಮಿಸುವಂತೆ ನೊಂದವರನ್ನು ಕೇಳುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಕ್ಷಮೆ ಕರ್ತನ ಮುಂದೆ ಅವರು ಕೊಡುವ ಕಾಣಿಕೆ, ನಮ್ಮ ಕಾರ್ಯಕ್ರಮ ಪಟ್ಟಿಯ ಒಂದು ಬಾಬತ್ತಲ್ಲ.

1990ರ ನವೆಂಬರಿನಲ್ಲಿ ರಸ್ಟೆನ್‌ಬರ್ಗ್ ಎಂಬಲ್ಲಿ ದಕ್ಷಿಣ ಆಫ್ರಿಕಾದ ಸಭೆಗಳು ಸೇರಿದಾಗ ಬಿಳಿಯರ ಡಚ್ ರಿಫಾರ್ಮ್ಡ್ ಸಭೆಯ ವಿಲ್ಲಿ ಯಾಂಕರ್ ಎಂಬ ಪ್ರಾಧ್ಯಾಪಕರು ಎದ್ದುನಿಂತು, ದೇಶದಲ್ಲಿ ನಡೆದ ಅನ್ಯಾಯಗಳಿಗಾಗಿ ತಮ್ಮ ಸ್ವಂತ ಪಾಪವನ್ನೂ, ಧೈರ್ಯಮಾಡಿ ತಮ್ಮ ಸಭೆಯ ಮತ್ತು ತಮ್ಮ ಜನರ ಪರವಾಗಿ ಅವರ ಪಾಪವನ್ನೂ ಒಪ್ಪಿಕೊಂಡರು. ಆರ್ಚ್‌ಬಿಷಪ್ ಡೆಸ್ಮಂಡ್ ಟೂಟೂ ಎದ್ದು ಆ ಅರಿಕೆಯನ್ನು ಸ್ವೀಕರಿಸಿದರು. ಆ ಗಳಿಗೆ ದೊಡ್ಡದು. ಆದರೆ ಎಲ್ಲರ ಪರವಾಗಿ ಕ್ಷಮಿಸುವ ಅಧಿಕಾರ ಒಬ್ಬರಿಗೆ ಉಂಟೇ ಎಂಬ ಪ್ರಶ್ನೆಯೂ ನೊಂದವರಲ್ಲಿ ಉಳಿಯಿತು. ಎರಡನ್ನೂ ಕೂಟದಲ್ಲಿ ಹೇಳಿ. ನಮಗೆ ಇಲ್ಲಿ ಕಲಿಯಬೇಕಾದದ್ದು ಯಾಂಕರ್ ಅವರ ವಾಕ್ಯದ ಕ್ರಮ: ಮೊದಲು 'ನನ್ನ ಪಾಪ', ಆಮೇಲೆ 'ನಮ್ಮ ಪಾಪ'. ನಮ್ಮ ಸಭೆಗಳಲ್ಲಿ ಅರಿಕೆ ಮಾಡುವವರು ಎರಡನೆಯದರಿಂದ ಶುರುಮಾಡಿ ಅಲ್ಲೇ ನಿಂತುಬಿಡುತ್ತಾರೆ.

ಕೊನೆಯ ಕೂಟದಲ್ಲಿ ಸಭೆಯ ಒಂದು ಪುಟದ ಅರಿಕೆಯನ್ನು ಬರೆಯಬೇಕು. 'ಯಾರಿಗಾದರೂ ನೋವಾಗಿದ್ದರೆ' ಎಂಬ ಮಾತು ಅದರಲ್ಲಿ ಬರಕೂಡದು. ಏನು ನಡೆಯಿತೋ ಅದನ್ನೇ ಬರೆಯಿರಿ: ಭೋಜನದ ಸಾಲಿನಲ್ಲಿ ಹಿಂದಿಟ್ಟೆವು, ಸಮಾಧಿ ಸ್ಥಳದಲ್ಲಿ ತಗ್ಗಿನ ಜಾಗ ಕೊಟ್ಟೆವು, ಲೆಕ್ಕದ ಪುಸ್ತಕವನ್ನು ನಾಲ್ಕು ಮನೆಗಳಲ್ಲೇ ಇಟ್ಟುಕೊಂಡೆವು. ಪ್ರತಿಯೊಂದು ವಾಕ್ಯದ ಕೆಳಗೆ ಇನ್ನು ಮೇಲೆ ಏನು ಮಾಡುತ್ತೇವೆ, ಯಾವ ತಾರೀಕಿನೊಳಗೆ, ಯಾರು ಹೊಣೆ ಎಂದು ಬರೆಯಿರಿ. ಇಲ್ಲಿ ಅಪೊಸ್ತಲರ ಕೃತ್ಯಗಳ ಆರನೆಯ ಅಧ್ಯಾಯ ಬಹಳ ಸಹಾಯಕ. ಗ್ರೀಕ್ ಭಾಷೆಯ ವಿಧವೆಯರಿಗೆ ದಿನದಿನದ ಹಂಚಿಕೆಯಲ್ಲಿ ಕೊರತೆಯಾಗುತ್ತಿದೆ ಎಂದು ಗುಣುಗುಟ್ಟುವಿಕೆ ಹುಟ್ಟಿದಾಗ ಅಪೊಸ್ತಲರು ಬುದ್ಧಿವಾದ ಹೇಳಿ ಕಳುಹಿಸಲಿಲ್ಲ. ಏಳು ಮಂದಿಯನ್ನು ಆರಿಸುವಂತೆ ಸಭೆಗೇ ಹೇಳಿ ಹಂಚಿಕೆಯ ಕೆಲಸವನ್ನೇ ಅವರ ಕೈಗೆ ಕೊಟ್ಟರು, ಆ ಏಳರ ಹೆಸರುಗಳೆಲ್ಲವೂ ಗ್ರೀಕ್ ಹೆಸರುಗಳು. ಯಾರು ದೂರಿದರೋ ಅವರ ಕಡೆಗೆ ಬೀಗದ ಕೈ ಹೋಯಿತು. ಖಜಾಂಚಿಯ ಹುದ್ದೆಯ ವಿಷಯದಲ್ಲಿ ಇದನ್ನು ನೆನಪಿಡಿ.

ಎಲ್ಲವೂ ಬೇಗನೆ ಮುಗಿಯುವುದೆಂದು ಯಾರಿಗೂ ಮಾತು ಕೊಡಬೇಡಿ. ಬೆಲ್ಹಾರ್ ಬರೆದ ಮಿಷನ್ ಸಭೆಯೂ ಆಫ್ರಿಕನ್ನರ ಸಭೆಯ ಬಹುಭಾಗವೂ 1994ರ ಏಪ್ರಿಲ್ 14ರಂದು, ದೇಶದ ಮೊದಲ ಸರ್ವಜನ ಚುನಾವಣೆಗೆ ಸುಮಾರು ಎರಡು ವಾರ ಮೊದಲು, ಒಂದಾದವು. ಬಿಳಿಯರ ಸಭೆ ಮಾತ್ರ ಇಂದಿಗೂ ಅವರೊಂದಿಗೆ ಪೂರ್ಣವಾಗಿ ಸೇರಿಲ್ಲ, ಅಡ್ಡಬಂದದ್ದರಲ್ಲಿ ಈ ಅರಿಕೆಯನ್ನು ಒಪ್ಪುವ ಪ್ರಶ್ನೆಯೇ ಮುಖ್ಯವಾದುದು. ಅಮೆರಿಕದ ರಿಫಾರ್ಮ್ಡ್ ಸಭೆ ಇದನ್ನು 2010ರಲ್ಲಿ, ಪ್ರೆಸ್ಬಿಟೇರಿಯನ್ ಸಭೆ 2016ರಲ್ಲಿ ತಮ್ಮ ಅರಿಕೆಗಳ ಸಾಲಿಗೆ ಸೇರಿಸಿಕೊಂಡಿವೆ. ನಮ್ಮ ಸಭೆಯ ಕಮಿಟಿ ಒಂದು ವರ್ಷ ಎಳೆದಾಡಿದರೆ ಕಂಗೆಡಬೇಕಾಗಿಲ್ಲ, ಆದರೆ ಬರೆದ ತಾರೀಕು ದಾಟಿದ ದಿನ ಕಾರ್ಯದರ್ಶಿಗೆ ನೆನಪಿಸುವ ಕೆಲಸವನ್ನು ಕೂಟದ ಒಬ್ಬರು ವಹಿಸಿಕೊಂಡಿರಬೇಕು.

ಬರೆದ ಪುಟವನ್ನು ಕರ್ತನ ಭೋಜನವಿರುವ ಒಂದು ಭಾನುವಾರ, ಭೋಜನಕ್ಕೆ ಮೊದಲು, ಮುಂದಿನ ಬೆಂಚಿನ ಮನೆಗಳ ಒಬ್ಬ ಹಿರಿಯರು ಓದಲಿ. ಓದಿದ ಮೇಲೆ ಕೊನೆಯ ಬೆಂಚಿನವರು ಮೊದಲು ಎದ್ದು ಬರಲಿ. ಮೂಲ ಪ್ರತಿಯನ್ನು ದೀಕ್ಷಾಸ್ನಾನದ ರಿಜಿಸ್ಟರಿನೊಂದಿಗೆ ಕಬ್ಬಿಣದ ಪೆಟ್ಟಿಗೆಯಲ್ಲಿಡಿ. ಸಭಾಪಾಲಕರಿಗೆ ವರ್ಗವಾಗಿ ಹೊಸಬರು ಬಂದಾಗ, ಅವರ ಮೊದಲ ಕಮಿಟಿ ಸಭೆಯಲ್ಲಿ ಕಾರ್ಯದರ್ಶಿ ಅದನ್ನು ಹೊರತೆಗೆದು ಪೂರ್ತಿಯಾಗಿ ಓದಬೇಕೆಂದು ಅದೇ ಪುಟದ ಕೆಳಗೆ ಬರೆದಿಡಿ.